ಕಿಲಾವೇಯದ ಅಗ್ನಿಕುಂಡವೂ ಅದರ ಯಾತ್ರಿಕರೂ

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗಗಳ ಮಕ್ಕಳಿಗೆ ಕರಿಕಲ್ಲು ಹೊಸ ವಸ್ತುವಲ್ಲ. ಬಾವಿ ತೋಡುವಾಗ ಸಿಕ್ಕುವುದು ಅದೇ, ಗುಡಿಯ ಗೋಡೆಗೆ ಇಟ್ಟುದೂ ಅದೇ. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಭೂಮಿಯ ಬಿರುಕುಗಳಿಂದ ಉಕ್ಕಿ ಹರಿದ ಲಾವಾರಸವು ಆರಿ ಈ ಕಲ್ಲಾಯಿತೆಂದು ನಾವು ಭೂಗೋಲದ ಪಾಠದಲ್ಲಿ ಹೇಳಿಕೊಡುತ್ತೇವೆ. ಆಗ ಯಾವನಾದರೂ ಒಬ್ಬ ಹುಡುಗ ಎದ್ದು ನಿಂತು, “ಗುರುಗಳೇ, ಅದು ಹರಿಯುವುದನ್ನು ಕಂಡವರಾರು?” ಎಂದು ಕೇಳದೆ ಇರುವುದಿಲ್ಲ. ಇಲ್ಲಿ ಹರಿದುದನ್ನು ಕಂಡವರಿಲ್ಲ. ಆಗ ಮನುಷ್ಯನೇ ಹುಟ್ಟಿರಲಿಲ್ಲ. ಆದರೆ ಅದೇ ಜಾತಿಯ ಕಲ್ಲು ನಮ್ಮ ಕಾಲದಲ್ಲಿಯೂ ಜನರ ಕಣ್ಣೆದುರಿಗೆ ಹುಟ್ಟುವ ಸ್ಥಳಗಳು ಭೂಮಿಯ ಮೇಲೆ ಉಂಟು. ಅವುಗಳಲ್ಲಿ ಬಹು ಪ್ರಸಿದ್ಧವಾದುದು ಪೆಸಿಫಿಕ್ ಮಹಾಸಾಗರದ ನಡುವಣ ಹವಾಯಿ ದ್ವೀಪದ ಜ್ವಾಲಾಮುಖಿ ರಾಷ್ಟ್ರೀಯ ಉದ್ಯಾನ. ಈ ಲೇಖಕನು ಆ ದ್ವೀಪವನ್ನು ಕಂಡವನಲ್ಲ. ಓದಿ ತಿಳಿದುದನ್ನು ವಾಚಕರ ಮುಂದಿಡುತ್ತಿದ್ದಾನೆ.

ಈ ಉದ್ಯಾನದಲ್ಲಿ ಎರಡು ಅಗ್ನಿಪರ್ವತಗಳಿವೆ. ಮೌನಾ ಲೋವಾ ಸಮುದ್ರಮಟ್ಟದಿಂದ 4,169 ಮೀಟರ್ ಎತ್ತರವಾದುದು. ಕಿಲಾವೇಯ ಅದಕ್ಕಿಂತ ಬಹಳ ಕುಳ್ಳು, ಸುಮಾರು 1,250 ಮೀಟರ್; ಆದರೆ ಉಕ್ಕುವುದರಲ್ಲಿ ಅದರದೇ ಮೇಲುಗೈ. ಅದರ ನೆತ್ತಿಯ ವಿಶಾಲವಾದ ತಗ್ಗಿನೊಳಗೆ ಹಲೆಮಾವುಮಾವು ಎಂಬ ಕುಂಡವಿದೆ. ಹವಾಯಿಯ ಜನರಿಗೆ ಅದು ಪೆಲೆ ಎಂಬ ಅಗ್ನಿದೇವತೆಯ ಮನೆ. ದಾರಿಯಲ್ಲಿ ಬೆಳೆಯುವ ಓಹೆಲೋ ಹಣ್ಣನ್ನು ಮೊದಲು ಪೆಲೆಗೆ ಅರ್ಪಿಸದೆ ಯಾರೂ ಬಾಯಿಗಿಡಬಾರದೆಂಬುದು ಅವರ ಹಿರಿಯರ ಕಟ್ಟಳೆ.

ಅಲ್ಲಿಗೆ ಬಂದವರ ಚರಿತ್ರೆಯು ಒಂದು ದುರಂತದಿಂದ ಮೊದಲಾಗುತ್ತದೆ. 1790ರಲ್ಲಿ ಕೆಯೋವಾ ಎಂಬ ನಾಯಕನ ಸೈನ್ಯವು ಕಿಲಾವೇಯದ ಬಳಿ ಹಾದುಹೋಗುತ್ತಿದ್ದಾಗ ಪರ್ವತವು ಸಿಡಿಯಿತು. ಮೂರು ತಂಡಗಳಾಗಿ ನಡೆದಿದ್ದ ಸೈನ್ಯದಲ್ಲಿ ನಡುವಿನ ತಂಡವೆಲ್ಲವೂ ಬಿಸಿಗಾಳಿಗೂ ಬೂದಿಗೂ ಸಿಕ್ಕಿ ಸತ್ತುಹೋಯಿತೆಂದು ಪರಂಪರೆಯ ಕಥನ ಹೇಳುತ್ತದೆ. ಅಲ್ಲಿಯ ಕಾವೂ ಮರುಭೂಮಿಯಲ್ಲಿ ಗಟ್ಟಿಯಾದ ಬೂದಿಯ ಮೇಲೆ ಬರಿಗಾಲಿನ ಹೆಜ್ಜೆಗಳು ಇಂದಿಗೂ ಮೂಡಿ ನಿಂತಿವೆ. ಅವು ಆ ಯೋಧರವೇ ಎಂದು ಬಹುಕಾಲ ನಂಬಿದ್ದರು. ಈಚಿನ ಸಂಶೋಧಕರು ಅಳೆದು ನೋಡಿ, ಅವುಗಳಲ್ಲಿ ಹೆಂಗಸರ, ಮಕ್ಕಳ ಹೆಜ್ಜೆಗಳೂ ಅನೇಕವಾಗಿ ಇವೆ ಎಂದಿದ್ದಾರೆ. ರಾಜರ ಯುದ್ಧದ ಕಥೆಗೆ ಹೆಸರುಂಟು. ಕೆಲಸಕ್ಕೆಂದು ಆ ದಾರಿಯಲ್ಲಿ ನಡೆದ ಸಾಮಾನ್ಯರ ಗುರುತಾಗಿ ಹೆಜ್ಜೆಯಷ್ಟೇ ಉಳಿಯಿತು.

1823ರಲ್ಲಿ ಇಂಗ್ಲೆಂಡಿನ ಪಾದ್ರಿ ವಿಲಿಯಂ ಎಲ್ಲಿಸ್ ಹವಾಯಿ ಮಾರ್ಗದರ್ಶಕರೊಡನೆ ಕುಂಡದ ಅಂಚಿಗೆ ಬಂದು, ಕಂಡುದನ್ನು ಬರೆದಿಟ್ಟನು. ಮರುವರ್ಷ, 1824ರಲ್ಲಿ, ಹೊಸದಾಗಿ ಕ್ರೈಸ್ತಮತವನ್ನು ಸ್ವೀಕರಿಸಿದ್ದ ಕಪಿಯೋಲಾನಿ ಎಂಬ ನಾಯಕಿ ಬಹುದೂರ ನಡೆದು ಬಂದು, ಅರ್ಪಿಸದೆಯೇ ಓಹೆಲೋ ಹಣ್ಣನ್ನು ತಿಂದು, ಕುಂಡದೊಳಕ್ಕೆ ಇಳಿದು, ಸುರಕ್ಷಿತವಾಗಿ ಹಿಂದಿರುಗಿದಳು. ಇದಕ್ಕೆ ಎದುರಾದ ಇನ್ನೊಂದು ಪ್ರಸಂಗವೂ ಉಂಟು. 1881ರಲ್ಲಿ ಮೌನಾ ಲೋವಾದ ಲಾವಾರಸವು ಹೀಲೋ ಪಟ್ಟಣದ ಕಡೆಗೆ ಹರಿದು ಬಂದಾಗ ರಾಜಕುಮಾರಿ ರೂತ್ ಕೆಎಲಿಕೋಲಾನಿ ಅದರ ಅಂಚಿಗೆ ಹೋಗಿ ಪೆಲೆಗೆ ಕಾಣಿಕೆ ಸಲ್ಲಿಸಿದಳು. ಪ್ರವಾಹವು ಪಟ್ಟಣದ ಬಳಿಯಲ್ಲೇ ನಿಂತುಬಿಟ್ಟಿತು. ನಿಂತುದು ಹೇಗೆಂಬ ಚರ್ಚೆ ಇರಲಿ. ಈ ರಾಜಕುಮಾರಿಯ ಮತ್ತೊಂದು ಗುಣ ನೆನೆಯತಕ್ಕುದು: ಇಂಗ್ಲಿಷ್ ಅರ್ಥವಾಗುತ್ತಿದ್ದರೂ ಅವಳು ತನ್ನ ನುಡಿಯಲ್ಲಲ್ಲದೆ ಮಾತನಾಡುತ್ತಿರಲಿಲ್ಲ. ಇಂಗ್ಲಿಷರು ಬಂದರೆ ನಡುವೆ ದುಭಾಷಿ ನಿಲ್ಲಬೇಕಾಗಿತ್ತು.

ಅಷ್ಟರಲ್ಲಿ ಪರ್ವತವು ಪ್ರೇಕ್ಷಣೀಯ ಸ್ಥಳವಾಗಿತ್ತು. 1846ರಲ್ಲಿ ಕುಂಡದ ಅಂಚಿನಲ್ಲಿ ಹುಲ್ಲು ಹೊದಿಸಿದ ಒಂದು ವಸತಿಗೃಹ ಎದ್ದಿತು. 1866ರಲ್ಲಿ ಅಮೆರಿಕದ ಸಾಹಿತಿ ಮಾರ್ಕ್ ಟ್ವೇನ್ ಅಲ್ಲಿಗೆ ಬಂದು ಲೇಖನಗಳನ್ನು ಬರೆದನು. 1891ರಲ್ಲಿ ಲಾರಿನ್ ಥರ್ಸ್ಟನ್ ಎಂಬಾತನು ಆ ವಸತಿಗೃಹವನ್ನು ಕೊಂಡನು. ಈತನ ಹೆಸರು ಈ ಚರಿತ್ರೆಯಲ್ಲಿ ಎರಡು ಕಡೆ ಬರುತ್ತದೆ. 1893ರಲ್ಲಿ ಹವಾಯಿಯ ರಾಣಿ ಲಿಲಿಯುವೋಕಲಾನಿಯನ್ನು ಪದಚ್ಯುತಗೊಳಿಸಿದವರ ಮುಂದಾಳುಗಳಲ್ಲಿ ಈತನೊಬ್ಬ. ಮುಂದೆ ಇದೇ ಪರ್ವತವನ್ನು ರಾಷ್ಟ್ರೀಯ ಉದ್ಯಾನವಾಗಿ ಕಾಪಾಡಬೇಕೆಂದು ವರ್ಷಗಟ್ಟಲೆ ಶ್ರಮಿಸಿದವನೂ ಈತನೇ.

ಅವನ ಜೊತೆ ದುಡಿದವನು ಭೂವಿಜ್ಞಾನಿ ಥಾಮಸ್ ಜ್ಯಾಗರ್. 1902ರಲ್ಲಿ ಮಾರ್ಟಿನೀಕ್ ದ್ವೀಪದ ಪೆಲೇ ಪರ್ವತವು ಸಿಡಿದು ಸುಮಾರು 28,000 ಜನ ಸತ್ತ ಊರನ್ನು ಕಣ್ಣಾರೆ ಕಂಡಿದ್ದ ಜ್ಯಾಗರನು, ಅಗ್ನಿಪರ್ವತವು ಸಿಡಿದ ಮೇಲೆ ಓಡಿಬರುವುದರಿಂದ ಪ್ರಯೋಜನವಿಲ್ಲ, ಅದರ ಪಕ್ಕದಲ್ಲೇ ಕುಳಿತು ದಿನದಿನವೂ ನಾಡಿ ನೋಡುತ್ತಿರಬೇಕು ಎಂದು ನಿಶ್ಚಯಿಸಿದನು. 1912ರಲ್ಲಿ ಕಿಲಾವೇಯದ ಅಂಚಿನಲ್ಲಿ ವೀಕ್ಷಣಾಲಯವನ್ನು ಸ್ಥಾಪಿಸಿದನು. 1916ರ ಆಗಸ್ಟ್ 1ರಂದು ಅಧ್ಯಕ್ಷ ವಿಲ್ಸನ್ ಉದ್ಯಾನದ ಶಾಸನಕ್ಕೆ ಸಹಿ ಹಾಕಿದನು. 1987ರಲ್ಲಿ ಅದು ವಿಶ್ವಪರಂಪರೆಯ ತಾಣವೂ ಆಯಿತು. ಜ್ಯಾಗರನ ಎಣಿಕೆ ಸುಳ್ಳಾಗಲಿಲ್ಲ. 2018ರಲ್ಲಿ ಕಿಲಾವೇಯದ ಪೂರ್ವದ ಇಳಿಜಾರು ಬಿರಿದು 700ಕ್ಕೂ ಹೆಚ್ಚು ಮನೆಗಳು ಲಾವಾರಸದಲ್ಲಿ ಮುಳುಗಿದವು. ನೆತ್ತಿ ಕುಸಿದು ವೀಕ್ಷಣಾಲಯದ ಕಟ್ಟಡವೇ ಜಖಂಗೊಂಡಿತು. ಆದರೂ ಮುನ್ಸೂಚನೆಯಿದ್ದುದರಿಂದ ಒಬ್ಬರ ಪ್ರಾಣವೂ ಹೋಗಲಿಲ್ಲ.

ಇಲ್ಲಿ ಶಿಕ್ಷಕರಾದ ನಾವು ತಡೆದು ನೋಡಬೇಕಾದ ಸಂಗತಿಯೊಂದಿದೆ. ರಾಣಿಯನ್ನು ಇಳಿಸಿದ ಮೂರನೆಯ ವರ್ಷ, 1896ರಲ್ಲಿ, ಶಾಲೆಗಳ ಬೋಧನಾ ಮಾಧ್ಯಮವು ಇಂಗ್ಲಿಷೇ ಆಗಿರಬೇಕೆಂದು ಹವಾಯಿಯಲ್ಲಿ ಕಾನೂನು ಬಂದಿತು. 1822ರಿಂದಲೇ ಮುದ್ರಣವನ್ನು ಕಂಡು, ಪತ್ರಿಕೆಗಳನ್ನೂ ಪಾಠಪುಸ್ತಕಗಳನ್ನೂ ಬೆಳೆಸಿದ್ದ ನುಡಿಯು ಶಾಲೆಯಿಂದ ಹೊರಬಿದ್ದಿತು. ಶಾಲೆಯಂಗಳದಲ್ಲಿ ತಾಯ್ನುಡಿಯನ್ನಾಡಿದ ಮಕ್ಕಳು ದಂಡನೆಗೆ ಗುರಿಯಾದರು. ಇಪ್ಪತ್ತು ವರ್ಷಗಳ ಮೇಲೆ ಪರ್ವತಕ್ಕೆ ಕಾನೂನಿನ ರಕ್ಷಣೆ ಸಿಕ್ಕಿತು. ಪರ್ವತಕ್ಕೆ ಹೆಸರಿಟ್ಟ ನುಡಿಗೆ ಸಿಕ್ಕಲಿಲ್ಲ.

ಆದರೆ ಕಲ್ಲು ಆ ನುಡಿಯನ್ನು ಬಿಡಲಿಲ್ಲ. ಹವಾಯಿಯ ಜನರು ಲಾವಾದಲ್ಲಿ ಎರಡು ಬಗೆಯನ್ನು ಕಂಡಿದ್ದರು. ನುಣುಪಾಗಿ, ಹಗ್ಗದ ಸುರುಳಿಯಂತೆ ಮಡಿಕೆಗಟ್ಟುವುದು ಪಾಹೋಯ್‌ಹೋಯ್; ಮೊನಚಾದ ಹೆಂಟೆಗಳಾಗಿ ಒಡೆದು, ಕಾಲಿಟ್ಟರೆ ಕೊಯ್ಯುವುದು ಅ-ಆ. ನಮ್ಮ ಮಕ್ಕಳು ಮೊದಲು ತಿದ್ದುವ ಎರಡು ಅಕ್ಷರಗಳೇ ಅಲ್ಲೊಂದು ಕಲ್ಲಿನ ಹೆಸರು! 1880ರ ದಶಕದಲ್ಲಿ ಅಮೆರಿಕದ ಭೂವಿಜ್ಞಾನಿ ಕ್ಲಾರೆನ್ಸ್ ಡಟನ್ ಈ ಎರಡು ಮಾತುಗಳನ್ನು ಶಾಸ್ತ್ರಕ್ಕೆ ತಂದನು. ಇಂಗ್ಲಿಷಿನಲ್ಲಿ ಅವಕ್ಕೆ ಸಮನಾದ ಮಾತು ಇರಲಿಲ್ಲ. ಇಂದು ಜಗತ್ತಿನ ಯಾವ ದೇಶದ ಭೂವಿಜ್ಞಾನಿಯಾದರೂ ಅವನ್ನೇ ಬಳಸುತ್ತಾನೆ. ನಮ್ಮ ದಖ್ಖಣದ ಕರಿಕಲ್ಲಿನ ಪದರಗಳನ್ನು ವಿಂಗಡಿಸುವವರೂ ಪಾಹೋಯ್‌ಹೋಯ್, ಅ-ಆ ಎಂದೇ ಬರೆಯುತ್ತಾರೆ. ಶಾಲೆಯಿಂದ ಹೊರದೂಡಿದ ನುಡಿಯ ಮಾತು ಸಾಗರಗಳನ್ನು ದಾಟಿ ನಮ್ಮ ಬಾವಿಯ ಕಲ್ಲಿಗೂ ಹೆಸರಾಯಿತು.

ಆ ನುಡಿಯ ಕಥೆಯೂ ಅಲ್ಲಿಗೆ ಮುಗಿಯಲಿಲ್ಲ. 1978ರಲ್ಲಿ ಹವಾಯಿ ರಾಜ್ಯದ ಸಂವಿಧಾನವು ಅದನ್ನು ಇಂಗ್ಲಿಷಿನೊಡನೆ ಅಧಿಕೃತ ಭಾಷೆಯಾಗಿಸಿತು. 1984ರಲ್ಲಿ ಕೆಲವು ತಂದೆತಾಯಿಗಳೂ ಶಿಕ್ಷಕರೂ ಸೇರಿ ‘ಪೂನಾನಾ ಲೆಯೋ’, ಎಂದರೆ ‘ನುಡಿಯ ಗೂಡು’, ಎಂಬ ಶಿಶುವಿಹಾರವನ್ನು ತೆರೆದರು. 1987ರಿಂದ ಸರಕಾರಿ ಶಾಲೆಗಳಲ್ಲಿಯೂ ಆ ಮಾಧ್ಯಮದ ತರಗತಿಗಳು ಮೊದಲಾದವು. ಉದ್ಯಾನದಲ್ಲಿ ಯಾತ್ರಿಕರು ನಡೆದು ಹಾಯುವ ಒಂದು ಲಾವಾ ಸುರಂಗವಿದೆ. 1913ರಲ್ಲಿ ಥರ್ಸ್ಟನ್ ಅದನ್ನು ಕಂಡನೆಂದು ಅವನ ಹೆಸರಿನಿಂದಲೇ ಕರೆಯುತ್ತಿದ್ದರು. ಈಗ ಅದರ ಹವಾಯಿ ಹೆಸರಾದ ನಾಹುಕು ಮೊದಲು ನಿಲ್ಲುತ್ತದೆ. ಥರ್ಸ್ಟನ್ನನ ಹೆಸರು ಅದರ ಹಿಂದೆ.

ರಜೆಯಲ್ಲಿ ಆ ದ್ವೀಪಕ್ಕೆ ಹೋಗುವವರು ಬೆಂಕಿಯನ್ನು ನೋಡಲು ಹೋಗುತ್ತಾರೆ. ಬೆಂಕಿ ಎಲ್ಲ ದಿನವೂ ಕಾಣುವುದಿಲ್ಲ. ಹೆಜ್ಜೆಗಳೂ ಹೆಸರುಗಳೂ ಎಲ್ಲ ದಿನವೂ ಕಾಣುತ್ತವೆ. ಮೇರೆಯಾಚೆಯ ಕನ್ನಡ ಶಾಲೆಗಳಲ್ಲಿ ಪಾಠ ಹೇಳುವ ನಮಗೆ ಇದರಲ್ಲಿ ಒಂದು ಕೆಲಸದ ಸೂಚನೆಯಿದೆ. ಎರೆ, ಮಸಾರಿ, ಗರಸು ಎಂದು ನಮ್ಮ ರೈತರು ನೆಲವನ್ನು ನೋಡಿ ಇಟ್ಟ ಹೆಸರುಗಳು ಬರಿಯ ಮಾತುಗಳಲ್ಲ. ತಲೆಮಾರುಗಳ ಪರೀಕ್ಷೆಯ ಫಲ. ಮುಂದಿನ ಭೂಗೋಲದ ಪಾಠದಲ್ಲಿ ಮಕ್ಕಳನ್ನು ಹೊಲಕ್ಕೆ ಕರೆದೊಯ್ದು, ಹಿರಿಯರನ್ನು ಕೇಳಿಸಿ, ಆ ಹೆಸರುಗಳನ್ನು ವಹಿಯಲ್ಲಿ ಬರೆಸೋಣ. ನಮ್ಮ ಊರಿನ ಕಲ್ಲುಮಣ್ಣಿಗೆ ಎಷ್ಟು ಹೆಸರುಗಳಿವೆಯೆಂದು ಮೊದಲು ಮಕ್ಕಳೇ ಎಣಿಸಿ ಹೇಳಲಿ.