ಜಿಲ್ಲಾ ಮಕ್ಕಳ ರಕ್ಷಣಾ ಘಟಕ, ಕೊಪ್ಪಳ

ಕೊಪ್ಪಳ ಜಿಲ್ಲಾ ಮಕ್ಕಳ ರಕ್ಷಣಾ ಘಟಕವು 18 ವರ್ಷದೊಳಗಿನ ಮಕ್ಕಳ ರಕ್ಷಣೆಗಾಗಿ ಹಾಗೂ ಅವರ ಕುಟುಂಬಗಳ ನೆರವಿಗಾಗಿ ಕರ್ನಾಟಕದ ಕೊಪ್ಪಳ ಜಿಲ್ಲೆಯಲ್ಲಿ ಕಾರ್ಯನಿರ್ವಹಿಸುವ ಸರ್ಕಾರಿ ಘಟಕವಾಗಿದೆ. ಇದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೆ ಸೇರಿದೆ. ಪ್ರತಿ ಜಿಲ್ಲೆಯಲ್ಲಿಯೂ ಇಂತಹ ಘಟಕವಿರಬೇಕೆಂದು ಬಾಲನ್ಯಾಯ (ಮಕ್ಕಳ ಪೋಷಣೆ ಮತ್ತು ರಕ್ಷಣೆ) ಕಾಯ್ದೆ, 2015ರ 106ನೆಯ ಕಲಮು ವಿಧಿಸುತ್ತದೆ. ಮಗುವನ್ನು ಸಾಧ್ಯವಾದಷ್ಟೂ ಸ್ವಂತ ಕುಟುಂಬದಲ್ಲಿಯೇ ಉಳಿಸಬೇಕು, ಸಂಸ್ಥೆಗೆ ಸೇರಿಸುವುದು ಕೊನೆಯ ಆಯ್ಕೆಯಾಗಬೇಕು ಎಂಬುದು ಈ ಕಾಯ್ದೆಯ ಮೂಲತತ್ತ್ವಗಳಲ್ಲೊಂದು.

ಹಿನ್ನೆಲೆ

ಕೊಪ್ಪಳ ಜಿಲ್ಲೆಯು 1997ರಲ್ಲಿ ರಾಯಚೂರು ಜಿಲ್ಲೆಯಿಂದ ಬೇರ್ಪಟ್ಟು ಕೊಪ್ಪಳ, ಗಂಗಾವತಿ, ಕುಷ್ಟಗಿ ಮತ್ತು ಯಲಬುರ್ಗಾ ತಾಲ್ಲೂಕುಗಳೊಂದಿಗೆ ರಚನೆಯಾಯಿತು. ಕುಕನೂರು, ಕನಕಗಿರಿ ಮತ್ತು ಕಾರಟಗಿ ನಂತರ ರಚನೆಯಾದ ತಾಲ್ಲೂಕುಗಳು. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ 13,89,920, ಸಾಕ್ಷರತೆ ಶೇ. 68.09. ಆಗ ರಾಜ್ಯದ ಸರಾಸರಿ ಸಾಕ್ಷರತೆ ಶೇ. 75.36 ಇತ್ತು.

ಗಂಗಾವತಿ ಭಾಗವು ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಭತ್ತ ಬೆಳೆಯುವ ಪ್ರದೇಶ. ಕುಷ್ಟಗಿ ಮತ್ತು ಯಲಬುರ್ಗಾ ಬಹುಮಟ್ಟಿಗೆ ಮಳೆಯಾಶ್ರಿತ ಪ್ರದೇಶಗಳು. ಮಳೆ ಕೈಕೊಟ್ಟಾಗ ಇಲ್ಲಿನ ಕೂಲಿ ಕುಟುಂಬಗಳು ದೂರದ ಊರುಗಳಿಗೆ ಗುಳೆ ಹೋಗುತ್ತವೆ. ಅವರ ಮಕ್ಕಳು ತಂದೆತಾಯಿಯರೊಡನೆ ಹೊರಟು ಶಾಲೆ ಬಿಡುತ್ತಾರೆ, ಇಲ್ಲವೇ ಅಜ್ಜ-ಅಜ್ಜಿಯರ ಬಳಿ ಉಳಿಯುತ್ತಾರೆ. ಹರೆಯಕ್ಕೆ ಬಂದ ಮಗಳನ್ನು ಊರಿನಲ್ಲಿ ಬಿಟ್ಟುಹೋಗುವ ಭಯವು ಬಾಲ್ಯವಿವಾಹದ ಕಾರಣಗಳಲ್ಲೊಂದು. ಖರ್ಚು ಉಳಿಸಲು ಅಕ್ಕನ ಮದುವೆಯ ಹಂದರದಲ್ಲಿಯೇ ತಂಗಿಯ ಮದುವೆಯನ್ನೂ ಮುಗಿಸುವುದುಂಟು.

ರಚನೆ

ಕೇಂದ್ರ ಸರ್ಕಾರದ ಸಮಗ್ರ ಮಕ್ಕಳ ರಕ್ಷಣಾ ಯೋಜನೆಯು 2009ರಲ್ಲಿ ಆರಂಭವಾಯಿತು. ಅದು ಈಗ 'ಮಿಷನ್ ವಾತ್ಸಲ್ಯ' ಎಂಬ ಹೆಸರಿನಲ್ಲಿ ಮುಂದುವರಿದಿದೆ. ಇದರಡಿ ಜಿಲ್ಲಾ ಮಕ್ಕಳ ರಕ್ಷಣಾಧಿಕಾರಿಯ ನೇತೃತ್ವದಲ್ಲಿ ರಕ್ಷಣಾಧಿಕಾರಿಗಳು, ಆಪ್ತ ಸಮಾಲೋಚಕರು, ಸಮಾಜ ಕಾರ್ಯಕರ್ತರು ಮತ್ತು ಹೊರಕ್ಷೇತ್ರ ಕಾರ್ಯಕರ್ತರು ಕೆಲಸ ಮಾಡುತ್ತಾರೆ.

ಮಗುವಿನ ವಾಸ ಮತ್ತು ಪಾಲನೆಯ ಕುರಿತು ಆದೇಶ ನೀಡುವ ಅಧಿಕಾರವು ಘಟಕಕ್ಕಿಲ್ಲ. ಅದು ಮಕ್ಕಳ ಕಲ್ಯಾಣ ಸಮಿತಿಯದು. ಒಬ್ಬ ಅಧ್ಯಕ್ಷರು ಮತ್ತು ನಾಲ್ವರು ಸದಸ್ಯರಿರುವ ಈ ಸಮಿತಿಯ ಮುಂದೆ ರಕ್ಷಿಸಲ್ಪಟ್ಟ ಮಗುವನ್ನು ಪ್ರಯಾಣದ ಅವಧಿ ಹೊರತುಪಡಿಸಿ 24 ಗಂಟೆಗಳೊಳಗೆ ಹಾಜರುಪಡಿಸಬೇಕು. ಸಮಾಜ ಕಾರ್ಯಕರ್ತರು ಮನೆಗೆ ಭೇಟಿ ನೀಡಿ ಸಿದ್ಧಪಡಿಸುವ ಸಾಮಾಜಿಕ ತನಿಖಾ ವರದಿಯು ಸಮಿತಿಯ ನಿರ್ಧಾರಕ್ಕೆ ನೆರವಾಗುತ್ತದೆ.

ಕುಟುಂಬಗಳಿಗೆ ನೆರವು

ಬಡತನದ ಕಾರಣಕ್ಕೆ ಮಗು ಮನೆ ಅಥವಾ ಶಾಲೆ ಬಿಡಬಾರದೆಂಬ ಉದ್ದೇಶದಿಂದ ಪ್ರಾಯೋಜಕತ್ವ ಯೋಜನೆಯಡಿ ಅರ್ಹ ಮಗುವಿಗೆ ತಿಂಗಳಿಗೆ ರೂ. 4,000 ನೀಡಲಾಗುತ್ತದೆ. ವಿಧವೆ ಅಥವಾ ಪರಿತ್ಯಕ್ತ ತಾಯಿಯ ಮಕ್ಕಳು, ಬಂಧುಗಳ ಆಶ್ರಯದಲ್ಲಿರುವ ಅನಾಥ ಮಕ್ಕಳು ಮತ್ತು ಮಾರಣಾಂತಿಕ ಕಾಯಿಲೆಗೆ ತುತ್ತಾದ ಪಾಲಕರ ಮಕ್ಕಳು ಇದಕ್ಕೆ ಅರ್ಹರು. ಕುಟುಂಬದ ವಾರ್ಷಿಕ ಆದಾಯದ ಮಿತಿ ಗ್ರಾಮೀಣ ಪ್ರದೇಶದಲ್ಲಿ ರೂ. 72,000 ಮತ್ತು ನಗರ ಪ್ರದೇಶದಲ್ಲಿ ರೂ. 96,000. ಸಂಸ್ಥೆಗಳಲ್ಲಿ ಬೆಳೆದು 18 ವರ್ಷ ತುಂಬಿದವರಿಗೆ ಸಾಮಾನ್ಯವಾಗಿ 21 ವರ್ಷದವರೆಗೆ ಅನುಪಾಲನಾ ನೆರವು ದೊರೆಯುತ್ತದೆ.

ಬಾಲ್ಯವಿವಾಹ ತಡೆ

ಬಾಲ್ಯವಿವಾಹ ನಿಷೇಧ ಕಾಯ್ದೆ, 2006ರ ಪ್ರಕಾರ ಹೆಣ್ಣಿಗೆ 18 ಮತ್ತು ಗಂಡಿಗೆ 21 ವರ್ಷ ತುಂಬಿರಬೇಕು. ಕರ್ನಾಟಕದ ತಿದ್ದುಪಡಿಯ ನಂತರ ರಾಜ್ಯದಲ್ಲಿ ನಡೆಯುವ ಬಾಲ್ಯವಿವಾಹಗಳು ಆರಂಭದಿಂದಲೇ ಅಸಿಂಧು. ಶಿಶು ಅಭಿವೃದ್ಧಿ ಯೋಜನಾಧಿಕಾರಿ, ತಹಶೀಲ್ದಾರ್, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಮತ್ತು ಶಾಲಾ ಮುಖ್ಯೋಪಾಧ್ಯಾಯರೂ ಬಾಲ್ಯವಿವಾಹ ನಿಷೇಧಾಧಿಕಾರಿಗಳು. ಮದುವೆಯ ಸುಳಿವು ದೊರೆತಾಗ ಶಾಲಾ ದಾಖಲೆಯಿಂದ ವಯಸ್ಸನ್ನು ಪರಿಶೀಲಿಸಿ, ಪಾಲಕರಿಗೆ ತಿಳಿವಳಿಕೆ ನೀಡಿ, ಮುಚ್ಚಳಿಕೆ ಬರೆಸಿಕೊಳ್ಳಲಾಗುತ್ತದೆ. ಅಗತ್ಯವಿದ್ದರೆ ನ್ಯಾಯಾಲಯದಿಂದ ತಡೆಯಾಜ್ಞೆ ಪಡೆಯಲು ಅವಕಾಶವಿದೆ.

ಮುಚ್ಚಳಿಕೆಯೊಂದೇ ರಕ್ಷಣೆಯಾಗದು. ನಿಂತುಹೋದ ಮದುವೆಯನ್ನು ಬೇರೆ ಊರಿನ ಬಂಧುಗಳ ಮನೆಯಲ್ಲಿ ಗುಟ್ಟಾಗಿ ನಡೆಸುವ ಸಾಧ್ಯತೆ ಇರುತ್ತದೆ. ಮದುವೆಗೆ ಮಾಡಿದ ಸಾಲದ ಹೊರೆಯೂ ಕುಟುಂಬದ ಮೇಲೆ ಉಳಿಯುತ್ತದೆ. ಆದುದರಿಂದ ಮರುಭೇಟಿ, ಹುಡುಗಿಯನ್ನು ಮತ್ತೆ ಶಾಲೆಗೆ ಅಥವಾ ವಸತಿ ನಿಲಯಕ್ಕೆ ಸೇರಿಸುವುದು ಮತ್ತು ಪಾಲಕರೊಡನೆ ನಿರಂತರ ಸಮಾಲೋಚನೆ ಈ ಕಾರ್ಯದ ಮುಖ್ಯ ಭಾಗಗಳಾಗಿವೆ.

ಸಮುದಾಯದ ಪಾತ್ರ

ಗ್ರಾಮಗಳಲ್ಲಿ ಅಂಗನವಾಡಿ ಕಾರ್ಯಕರ್ತೆಯರು, ಆಶಾ ಕಾರ್ಯಕರ್ತೆಯರು ಮತ್ತು ಶಿಕ್ಷಕರು ಮಾಹಿತಿಯ ಮೊದಲ ಮೂಲಗಳು. ಗ್ರಾಮ ಪಂಚಾಯಿತಿಗಳು ನಡೆಸುವ ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳೇ ತಮ್ಮ ಸಮಸ್ಯೆಗಳನ್ನು ಮುಂದಿಡಬಹುದು. ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಎಂಬ ಸ್ವಯಂಸೇವಾ ಸಂಸ್ಥೆಯು ಜಿಲ್ಲೆಯಲ್ಲಿ ಕೈಗೊಂಡ 'ಸ್ಫೂರ್ತಿ' ಯೋಜನೆಯಲ್ಲಿ ಹದಿಹರೆಯದ ಹುಡುಗಿಯರಿಗೆ ತರಬೇತಿ ನೀಡಿ, ಅವರನ್ನು ಓರಗೆಯವರಿಗೆ ಮಾದರಿಯಾಗಿ ರೂಪಿಸುವ ಕ್ರಮವನ್ನು ಅನುಸರಿಸಲಾಯಿತು. ಹುಡುಗಿಯರೊಂದಿಗೆ ಅವರ ತಂದೆತಾಯಿಯರನ್ನೂ ಹುಡುಗರನ್ನೂ ತಲುಪುವುದು ಇದರ ಭಾಗವಾಗಿತ್ತು.

ಮಾಹಿತಿ ನೀಡುವ ವಿಧಾನ

ತೊಂದರೆಯಲ್ಲಿರುವ ಮಗುವಿನ ಬಗ್ಗೆ ಯಾರು ಬೇಕಾದರೂ, ಸ್ವತಃ ಮಗುವೂ ಸಹ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು. ಈ ಉಚಿತ ಸೇವೆಯು ದಿನದ 24 ಗಂಟೆಯೂ ಲಭ್ಯವಿದೆ. ಮೊದಲು ಚೈಲ್ಡ್‌ಲೈನ್ ಇಂಡಿಯಾ ಫೌಂಡೇಶನ್ ನಡೆಸುತ್ತಿದ್ದ ಸಹಾಯವಾಣಿಯನ್ನು 2023ರಲ್ಲಿ ಸರ್ಕಾರದ ವ್ಯವಸ್ಥೆಗೆ ಸೇರಿಸಿ, ತುರ್ತು ಸಂಖ್ಯೆ 112ರೊಡನೆ ಜೋಡಿಸಲಾಯಿತು.