ಮೋರ್‌ಬಾತ್ ಗ್ರಾಮದ ಇಗರ್ಜಿಯೂ ಊರೊಟ್ಟಿನ ಬಾಳೂ

ಇಂಗ್ಲೆಂಡಿನ ನೈರುತ್ಯಭಾಗದ ಡೆವನ್ ಪ್ರಾಂತದಲ್ಲಿ, ಎಕ್ಸ್‌ಮೂರ್ ಬೆಟ್ಟಸೀಮೆಯ ಅಂಚಿನಲ್ಲಿ, ಮೋರ್‌ಬಾತ್ ಎಂಬುದೊಂದು ಗ್ರಾಮವುಂಟು. ಮಧ್ಯಯುಗವು ಮುಗಿಯುತ್ತಿದ್ದ ಕಾಲಕ್ಕೆ ಅಲ್ಲಿದ್ದುವು ಸುಮಾರು 33 ಕುಟುಂಬಗಳು. ಇಂಥ ಅಲ್ಪಗ್ರಾಮವು ಚರಿತ್ರಕಾರರ ಗಮನಕ್ಕೆ ಬಂದುದು ಇಗರ್ಜಿಯ ಲೆಕ್ಕದ ಪುಸ್ತಕದಿಂದ. 1520 ರಿಂದ 1574 ರವರೆಗೆ ಅಲ್ಲಿ ಪಾದ್ರಿಯಾಗಿದ್ದ ಕ್ರಿಸ್ಟಫರ್ ಟ್ರಿಕಿ ಎಂಬಾತನು ಅದನ್ನು ಬರೆದು, ನೆರೆದ ಊರವರ ಮುಂದೆ ಓದಿ ಹೇಳುತ್ತಿದ್ದನು. 1904 ರಲ್ಲಿ ಅದು ಅಚ್ಚಾಯಿತು.

ಆ ಇಗರ್ಜಿಯ ಆಸ್ತಿಯಲ್ಲಿ ಕುರಿಗಳು ಮುಖ್ಯವಾದುವು. ಭಕ್ತರು ಕೊಟ್ಟ ಕುರಿಗಳಿಗೆ ಬೇರೆ ಮಂದೆಯಿರಲಿಲ್ಲ. ಅವನ್ನು ಒಕ್ಕಲುಗಳಿಗೆ ಹಂಚಿಕೊಡುತ್ತಿದ್ದರು, ಒಬ್ಬೊಬ್ಬನು ತನ್ನ ಹಿಂಡಿನೊಡನೆ ದೇವರದೊಂದನ್ನು ಮೇಯಿಸುತ್ತಿದ್ದನು. ಉಣ್ಣೆ ಮಾರಿ ಬಂದ ಹಣದಿಂದ ವಿಗ್ರಹಗಳ ಮುಂದಿನ ದೀಪಗಳು ಉರಿಯುತ್ತಿದ್ದುವು. ಒಂದೊಂದು ದೀಪಕ್ಕೂ ಪ್ರತ್ಯೇಕ ನಿಧಿ. ತರುಣರ ನಿಧಿ ಬೇರೆ, ಕನ್ಯೆಯರ ನಿಧಿ ಬೇರೆ. ಪಾರುಪತ್ಯವು ಮನೆಯಿಂದ ಮನೆಗೆ ಸರದಿಯಾಗಿ ಬರುತ್ತಿತ್ತು, ಕೆಲವೊಮ್ಮೆ ಸ್ತ್ರೀಯರಿಗೂ. ಇಗರ್ಜಿಯ ಮನೆಯಲ್ಲಿ ಮದ್ಯ ಕಾಯಿಸಿ ಮಾರುವ ಉತ್ಸವವೂ ಆದಾಯದ ಮಾರ್ಗವಾಗಿದ್ದಿತು. ಭಕ್ತಿಗೂ ವಿನೋದಕ್ಕೂ ಅಲ್ಲಿ ವಿರೋಧವಿರಲಿಲ್ಲ. 1534 ರಲ್ಲಿ ಕಳ್ಳನು ಪೂಜೆಯ ಪಾತ್ರೆಯನ್ನು ಕದ್ದೊಯ್ದಾಗ ಹೊಸದನ್ನು ತಂದೊಪ್ಪಿಸಿದವರು ಆ ತರುಣ ತರುಣಿಯರೇ. ಊರಾಳಿಕೆಯನ್ನು ಆ ಜನ ಕಲಿತುದು ಇಗರ್ಜಿಯ ಜಗಲಿಯಲ್ಲಿಯೇ ಎಂದರೆ ಅತಿಶಯೋಕ್ತಿಯಾಗದು.

1538 ರಲ್ಲಿ ಎಂಟನೆಯ ಹೆನ್ರಿಯ ಆಜ್ಞೆಯಿಂದ ವಿಗ್ರಹಗಳ ಮುಂದಿನ ದೀಪಗಳು ನಂದಿದುವು. ಮೃತರಿಗಾಗಿ ನಡೆಸುವ ಪೂಜೆಗೆಂದು ಟ್ರಿಕಿಯು ವರ್ಷಾನುವರ್ಷ ಹಣ ಕೂಡಿಡುತ್ತ ಬಂದಿದ್ದ ಕರಿಯ ಪೂಜಾವಸ್ತ್ರಗಳು 1547 ರಲ್ಲಿ ದೊರೆತುವು. ಆರನೆಯ ಎಡ್ವರ್ಡನು ಪಟ್ಟವೇರಿದ ವರ್ಷವದು. ಎರಡು ವರ್ಷಗಳೊಳಗೆ ಅಂಥ ಪೂಜೆಯೇ ನಿಷಿದ್ಧವಾಯಿತು. ನಿಧಿಗಳು ಅಳಿದುವು, ಕುರಿಗಳು ಮಾರಿಹೋದುವು.

1549 ರಲ್ಲಿ ಹೊಸ ಪ್ರಾರ್ಥನಾಗ್ರಂಥವನ್ನು ವಿರೋಧಿಸಿ ಪಶ್ಚಿಮದ ಪ್ರಜೆಗಳು ದಂಗೆಯೆದ್ದು ಎಕ್ಸೆಟರ್ ನಗರವನ್ನು ಮುತ್ತಿದರು. ಮೋರ್‌ಬಾತಿನಿಂದ ಐವರು ತರುಣರು ಆ ಪಾಳೆಯಕ್ಕೆ ಹೋದರು. ಅವರು ಮನೆ ಬಿಟ್ಟೋಡಿದ ಪುಂಡರಲ್ಲ. ಅವರನ್ನು ಕಳುಹಿಸಿದ ವೆಚ್ಚವನ್ನು ಊರ ಲೆಕ್ಕದಲ್ಲಿಯೇ ಬರೆಯಲಾಗಿದೆ. ರಾಜದ್ರೋಹಕ್ಕೆ ಸಾಕ್ಷಿಯಾಗಬಹುದಾದ ಈ ಪಂಕ್ತಿಗಳನ್ನು ಟ್ರಿಕಿಯು ಅಳಿಸಲಿಲ್ಲವೆಂಬುದು ಗಮನಾರ್ಹ. ದಂಗೆಯನ್ನು ಸೈನ್ಯವು ಅಡಗಿಸಿತು.

1553 ರಲ್ಲಿ ಮೇರಿ ರಾಣಿಯು ಪಟ್ಟಕ್ಕೆ ಬಂದು ಹಳೆಯ ಪೂಜೆಯು ಮರಳಿದಾಗ, ಊರವರು ತಂತಮ್ಮ ಮನೆಗಳಲ್ಲಿ ಕಾಪಿಟ್ಟಿದ್ದ ಇಗರ್ಜಿಯ ವಸ್ತುಗಳನ್ನು ಒಂದೊಂದಾಗಿ ತಂದೊಪ್ಪಿಸಿದರು. ಟ್ರಿಕಿಯು ಅದನ್ನೂ ಲೆಕ್ಕಕ್ಕೆ ಸೇರಿಸಿದನು.