ರೋಗದ ದಾಖಲೆಯೂ ಜನರ ಭಯವೂ: ಪ್ಲೇಗಿನ ವಹಿಯಿಂದ ಗಣಕಯಂತ್ರದವರೆಗೆ

1898ನೆಯ ಇಸವಿ ಆಗಸ್ಟ್ ತಿಂಗಳಿನಲ್ಲಿ ಪ್ಲೇಗು ಬೆಂಗಳೂರಿಗೆ ರೈಲಿನಲ್ಲಿ ಬಂದಿತು. ಹುಬ್ಬಳ್ಳಿಯಿಂದ ಬಂದಿಳಿದ ರೈಲ್ವೆ ಅಧಿಕಾರಿಯೊಬ್ಬರ ಸೇವಕನಲ್ಲಿ ಮೊದಲು ಕಾಣಿಸಿಕೊಂಡ ಈ ರೋಗವು ಕೆಲವೇ ವಾರಗಳಲ್ಲಿ ಪೇಟೆಯ ಕಿಕ್ಕಿರಿದ ಬೀದಿಗಳನ್ನು ಹೊಕ್ಕಿತು. ಇಂದಿನ ರಾಜಾಜಿನಗರ, ವಿಜಯನಗರಗಳಿರುವ ಪ್ರದೇಶವು ಆಗ ಕೇತಮಾರನಹಳ್ಳಿ, ಹೊಸಹಳ್ಳಿ ಮೊದಲಾದ ಗ್ರಾಮಗಳ ಹೊಲಗದ್ದೆಗಳಾಗಿದ್ದಿತು. ಪಿಡುಗಿನ ಪರಿಣಾಮವಾಗಿ ಮಲ್ಲೇಶ್ವರ, ಬಸವನಗುಡಿಗಳು ಬೆಳೆದುದು ವಿದ್ಯಾರ್ಥಿಗಳಿಗೆ ತಿಳಿದ ಸಂಗತಿಯೇ. ರೋಗಿಯ ಹೆಸರನ್ನು ಸರ್ಕಾರದ ವಹಿಗೆ ಏರಿಸುವ ಕಾರ್ಯಕ್ಕೆ ಅದು ತಂದ ಬಿಗಿಯಾದರೋ ಅಷ್ಟಾಗಿ ಗಮನಕ್ಕೆ ಬಂದಿಲ್ಲ.

ಮೈಸೂರು ಸರ್ಕಾರವು ವಿ. ಪಿ. ಮಾಧವರಾಯರನ್ನು ಪ್ಲೇಗ್ ಕಮಿಷನರನ್ನಾಗಿ ನೇಮಿಸಿತು. ಮನೆಮನೆಯ ತಪಾಸಣೆ ನಡೆಯಿತು. ರೋಗಿಯು ಆಸ್ಪತ್ರೆಗೂ ಮನೆಯವರು ಊರ ಹೊರಗಿನ ಶಿಬಿರಕ್ಕೂ ಹೋಗಬೇಕಾಯಿತು. ಹೀಗಿರುವಾಗ ರೋಗವನ್ನು ತಿಳಿಸುವುದೆಂದರೆ ಮನೆಮಾರನ್ನು ತೊರೆಯಲು ಒಪ್ಪಿದಂತೆಯೇ ಆಗುತ್ತಿದ್ದಿತು. ಜನರು ರೋಗಿಗಳನ್ನು ಬಚ್ಚಿಟ್ಟರು. ಬೇರೆ ಊರುಗಳಿಗೆ ಓಡಿದರು. ಓಡಿದವರೊಡನೆ ರೋಗವೂ ಹೋಯಿತು. ಶ್ರೀರಂಗಪಟ್ಟಣದ ಬಳಿಯ ಗಂಜಾಮಿನಲ್ಲಿ ಅದೇ ವರ್ಷ ಪ್ಲೇಗು ನಿರ್ಬಂಧಗಳ ವಿರುದ್ಧ ದೊಂಬಿಯೇ ಎದ್ದಿತು. ಆದುದರಿಂದ ಅಂದಿನ ವರದಿಗಳಲ್ಲಿ ಒಂದು ವಾರದ ಸಂಖ್ಯೆ ಇಳಿದಿದ್ದರೆ, ರೋಗ ಇಳಿಯಿತೋ ಜನರ ನಂಬಿಕೆ ಇಳಿಯಿತೋ ಎಂದು ಇತಿಹಾಸಾಭ್ಯಾಸಿಯು ಮೊದಲು ಕೇಳಿಕೊಳ್ಳಬೇಕು.

ಇದಕ್ಕೆ ವಿರುದ್ಧವಾದ ನಿದರ್ಶನವೊಂದು ಮಲೆನಾಡಿನಲ್ಲಿ ದೊರೆಯುತ್ತದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿರುವ ಸುದ್ದಿಯೂ ಸುತ್ತಲಿನ ಹಳ್ಳಿಗಳಲ್ಲಿ ಜ್ವರ ಹಬ್ಬಿದ ಸುದ್ದಿಯೂ ಒಟ್ಟುಗೂಡಿದುದರಿಂದಲೇ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಹೊಸ ವೈರಾಣುವನ್ನು ಕಂಡುಹಿಡಿಯುವುದು ಸಾಧ್ಯವಾಯಿತು. ಸತ್ತ ಮಂಗನ ಸುದ್ದಿ ಕೊಟ್ಟವನ ಮನೆಗೆ ಯಾರೂ ಬೀಗ ಹಾಕುವಂತಿರಲಿಲ್ಲವಷ್ಟೆ!

2004ರಲ್ಲಿ ಆರಂಭವಾದ ಸಮಗ್ರ ರೋಗ ಕಣ್ಗಾವಲು ಯೋಜನೆಯಲ್ಲಿ ಆರೋಗ್ಯ ಕಾರ್ಯಕರ್ತೆ, ವೈದ್ಯ, ಪ್ರಯೋಗಾಲಯ ಈ ಮೂವರೂ ಬೇರೆಬೇರೆ ನಮೂನೆಗಳಲ್ಲಿ ವಾರಕ್ಕೊಮ್ಮೆ ವರದಿ ಕಳುಹಿಸುತ್ತಿದ್ದರು. 2018ರ ನವೆಂಬರಿನಲ್ಲಿ ಕರ್ನಾಟಕವೂ ಸೇರಿದಂತೆ ಏಳು ರಾಜ್ಯಗಳಲ್ಲಿ ವರದಿಯು ಗಣಕಯಂತ್ರಕ್ಕೆ ಏರಿತು; 2021ರಲ್ಲಿ ದೇಶಕ್ಕೆಲ್ಲ ವಿಸ್ತರಿಸಿತು. ಗಮನಿಸುವ ರೋಗಗಳು 18ರಿಂದ 33ಕ್ಕೆ ಏರಿದವು. ಹಿಂದೆ ಒಂದು ಪ್ರದೇಶದ ಒಟ್ಟು ಸಂಖ್ಯೆ ಮಾತ್ರ ಮೇಲಕ್ಕೆ ಹೋಗುತ್ತಿದ್ದಲ್ಲಿ, ಈಗ ಒಬ್ಬೊಬ್ಬ ರೋಗಿಯ ವಿವರವೂ ಸ್ಥಳವೂ ಹೋಗುತ್ತದೆ. ಲಾಭವು ನಿಸ್ಸಂದೇಹವಾದುದು: ಬಸವೇಶ್ವರನಗರದ ಒಂದೇ ಬೀದಿಯ ಮೂರು ಜ್ವರಗಳು ಮೂರು ಆಸ್ಪತ್ರೆಗಳಲ್ಲಿ ಚದುರಿದ್ದರೂ ಒಂದೇ ನಕ್ಷೆಯಲ್ಲಿ ಕೂಡಿ ಕಾಣಿಸಬಹುದು. ಆದರೆ 1898ರ ಪ್ರಶ್ನೆಯೂ ಇದರೊಡನೆ ಮರಳಿ ಬಂದಿದೆ.

2020ರ ಮಾರ್ಚಿಯಲ್ಲಿ, ಕೋವಿಡ್ ಆರಂಭದ ದಿನಗಳಲ್ಲಿ, ಮನೆಯಲ್ಲಿ ಪ್ರತ್ಯೇಕವಾಗಿರಬೇಕಾದವರ ವಿಳಾಸಗಳನ್ನು ಸರ್ಕಾರವು ಬಹಿರಂಗವಾಗಿ ಪ್ರಕಟಿಸಿತು. ಎಚ್ಚರಿಕೆಯ ಉದ್ದೇಶವಿದ್ದಿರಬಹುದು, ಆದರೂ ವಿಳಾಸಗಳ ಪಟ್ಟಿಯು ವೈದ್ಯರ ಕೈಯಿಂದ ನೆರೆಹೊರೆಯವರ ಕೈಗೆ ಹೋದುದು ಅಕ್ಷಮ್ಯವೆಂದೇ ನಮ್ಮ ಅಭಿಪ್ರಾಯ. ಏಪ್ರಿಲ್ 19ರಂದು ವಿಜಯನಗರಕ್ಕೆ ಅನತಿದೂರದ ಪಾದರಾಯನಪುರದಲ್ಲಿ, ಸೋಂಕಿತರ ಸಂಪರ್ಕಕ್ಕೆ ಬಂದವರನ್ನು ಕರೆದೊಯ್ಯಲು ಬಂದ ಸಿಬ್ಬಂದಿಯನ್ನು ಗುಂಪೊಂದು ತಡೆದು ಗಲಭೆ ನಡೆಸಿತು. ಸಿಬ್ಬಂದಿಯ ಮೇಲೆ ಕೈಮಾಡಿದುದಕ್ಕೆ ಸಮರ್ಥನೆಯಿಲ್ಲ. ಆದರೂ ಗಂಜಾಮಿನ ವೃತ್ತಾಂತವನ್ನು ಓದಿದವರಿಗೆ ಅಲ್ಲಿದ್ದ ಭಯವು ಹೊಸದೆಂದು ತೋರದು.

2024ರಲ್ಲಿ ರಾಜ್ಯವು ಡೆಂಗೆಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿತು. ಸೊಳ್ಳೆ ಬೆಳೆಯಲು ಅವಕಾಶ ಕೊಟ್ಟ ನಗರದ ಮನೆಗಳಿಗೆ 400 ರೂಪಾಯಿ ದಂಡವನ್ನೂ ಗೊತ್ತುಪಡಿಸಿತು. ಪ್ಲೇಗಿನ ಕಾಲದಲ್ಲಿ ಸುದ್ದಿಯು ಮನೆಯಿಂದ ಹೊರಡಬೇಕಾಗಿದ್ದಿತು. ಈಗ ಪ್ರಯೋಗಾಲಯದಿಂದ ಹೊರಡುತ್ತದೆ. ರೋಗಿಯನ್ನು ಅಟ್ಟದ ಮೇಲೆ ಬಚ್ಚಿಡಬೇಕಾಗಿಲ್ಲ. ರಕ್ತಪರೀಕ್ಷೆ ಮಾಡಿಸದೆ, ಔಷಧದ ಅಂಗಡಿಯಿಂದ ಜ್ವರದ ಮಾತ್ರೆಯೊಂದನ್ನು ತಂದು ನುಂಗಿದರೆ ಸಾಕು. ಅಂತಹ ಜ್ವರವು ಯಾವ ಗಣಕಯಂತ್ರದ ನಕ್ಷೆಯಲ್ಲಿಯೂ ಮೂಡುವುದಿಲ್ಲ.